ಗಾಲಿಗೆ ಕೊಟ್ಟ ಕಲ್ಲು

ನಮ್ಮ ರಸ್ತೆ ಇಲಾಖೆಗೆ ಹೊಸದಾಗಿ ಸೇರಿದ ಜೂನಿಯರ್ ಎಂಜಿನಿಯರ್ ಹುಡುಗಿಯೊಬ್ಬಳು ಮೊನ್ನೆ ಜಮಖಂಡಿಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಚಳಿಗಾಲ ಬರುತ್ತಿದೆ, ರಸ್ತೆಗಳ ಬಗ್ಗೆ ಏನೇನು ಜಾಗ್ರತೆ ವಹಿಸಬೇಕು ಎಂದು ಕೇಳಿದಳು. ನಿವೃತ್ತರಿಗೆ ಇಂಥ ಪ್ರಶ್ನೆ ಕೇಳಬಾರದು. ನಾನು ಹೇಳುತ್ತ ಹೋದೆ, ಆಕೆ ಪಾಪ ತಲೆಯಾಡಿಸುತ್ತ ಕೂತಳು, ಕೊನೆಗೆ ಬಸ್ಸು ತಪ್ಪುತ್ತದೆ ಎಂದು ಎದ್ದು ಹೋದಳು. ಆಕೆಗೆ ಹೇಳದೆ ಉಳಿದದ್ದು ಇಲ್ಲಿದೆ. ಬಡ್ತಿ, ವರ್ಗಾವಣೆ, ಸನ್ಮಾನದ ಶಾಲು ಇವುಗಳ ಸುದ್ದಿ ಇದರಲ್ಲಿಲ್ಲ. ಅವು ಎಲ್ಲರ ನೌಕರಿಯಲ್ಲೂ ಒಂದೇ ತರಹ ಇರುತ್ತವೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾಜಧಾನಿಯಲ್ಲಿ ನಮಗೊಂದು ತರಬೇತಿ ಇತ್ತು. ವಿಷಯ, ಚಳಿಗಾಲದಲ್ಲಿ ರಸ್ತೆ ಸುರಕ್ಷತೆ. ಪರದೇಶಕ್ಕೆ ಹೋಗಿ ಬಂದಿದ್ದ ತಜ್ಞರೊಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಹಿಮ ಬಿದ್ದ ಬೀದಿ, ಹಿಮ ತಳ್ಳುವ ಯಂತ್ರ, ಅದರ ಹಿಂದೆ ಉಪ್ಪು ಚೆಲ್ಲುತ್ತ ಹೋಗುವ ಲಾರಿ. ನಾವೆಲ್ಲ ಶ್ರದ್ಧೆಯಿಂದ ಬರೆದುಕೊಂಡೆವು. ಊಟ ಚೆನ್ನಾಗಿತ್ತು. ಸಂಜೆ ಅವರು ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಯ ಮೇಲೆ ಏನು ಬೀಳುತ್ತದೆ ಎಂದು ಕೇಳಿದರು. ನಾನು ಎದ್ದು ನಿಂತು, ಕಬ್ಬು ಬೀಳುತ್ತದೆ ಸರ್ ಎಂದೆ. ಸಭೆಯೆಲ್ಲ ನಕ್ಕಿತು. ನಾನು ನಗಿಸಲು ಹೇಳಿದ್ದಲ್ಲ.

ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಹಾಕಿದ ದಿನವೇ ನಮ್ಮ ಚಳಿಗಾಲ ಶುರು. ಜಿಲ್ಲೆ ಆಗ ಹೊಸದು. ಆಣೆಕಟ್ಟಿನ ಹಿನ್ನೀರು ವರ್ಷ ವರ್ಷ ಮೇಲೇರುತ್ತಿತ್ತು, ಬಿಳಿಜೋಳ ಬೆಳೆಯುತ್ತಿದ್ದ ಹೊಲಗಳಿಗೆ ಪೈಪು ಬಂತು, ಪೈಪಿನ ಹಿಂದೆ ಕಬ್ಬು ಬಂತು. ಮುಧೋಳ, ಬೀಳಗಿ, ತೇರದಾಳ, ಎಲ್ಲಿ ನೋಡಿದರೂ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರು. ರಸ್ತೆ ಮಾತ್ರ ಎತ್ತಿನ ಚಕ್ಕಡಿಯ ಕಾಲದ್ದು. ಡ್ರೈವರನ ಕಿವಿಯ ಹತ್ತಿರ ಟೇಪ್ ರೆಕಾರ್ಡರು ಒದರುತ್ತಿದ್ದರೆ ಹಿಂದೆ ಬರುವವರ ಹಾರ್ನು ಅವನಿಗೆ ಕೇಳಿಸುವುದಾದರೂ ಹೇಗೆ? ಕಾಯಿದೆ ಪ್ರಕಾರ ಟ್ರೇಲರಿನ ಹಿಂದೆ ಕೆಂಪು ದೀಪ ಇರಬೇಕು. ಇರುತ್ತಿದ್ದದ್ದು ಯಾರದೋ ಹಳೆಯ ಸೀರೆಯ ಕೆಂಪು ಚೂರು.

ಒಂದು ವರ್ಷ ನಮಗೆ ಹೊಳೆಯುವ ಪಟ್ಟಿಗಳು ಬಂದವು. ಬೆಳಕು ಬಿದ್ದರೆ ಫಳ್ಳನೆ ಮಿಂಚುವ, ಜನ ರೇಡಿಯಂ ಎಂದು ಕರೆಯುವ ಅಂಟುಪಟ್ಟಿ. ಪ್ರತಿ ಟ್ರೇಲರಿನ ಹಿಂದೆ ಹಚ್ಚಿಸಿರಿ ಎಂದು ಆದೇಶ. ನಾವು ಕಾರ್ಖಾನೆಯ ಗೇಟಿನಲ್ಲಿ ನಿಂತು ಹಂಚಿದೆವು, ಎಲ್ಲರೂ ಕೈಮುಗಿದು ತೆಗೆದುಕೊಂಡರು. ವಾರ ಬಿಟ್ಟು ನೋಡಿದರೆ ಪಟ್ಟಿಗಳು ಟ್ರ್ಯಾಕ್ಟರಿನ ಮುಂದಿನ ಮೂತಿಗೆ ಅಂಟಿದ್ದವು, ಎತ್ತಿನ ಕೋಡಿಗೆ ಅಂಟಿದ್ದವು, ಒಂದು ಮನೆಯ ಬಾಗಿಲಿನ ಮೇಲೆ ಸ್ವಸ್ತಿಕವಾಗಿಯೂ ಅಂಟಿದ್ದವು. ಟ್ರೇಲರಿನ ಹಿಂದೆ ಹಚ್ಚಿದ ಪ್ರಾಮಾಣಿಕರೂ ಇದ್ದರು, ಇಲ್ಲವೆಂದಲ್ಲ. ಆದರೆ ಕಬ್ಬಿನ ತುದಿಗಳು ಜೋತುಬಿದ್ದು ಪಟ್ಟಿಯನ್ನು ಪೂರ್ತಿ ಮುಚ್ಚಿದ್ದವು.

ಕಬ್ಬಷ್ಟೇ ಅಲ್ಲ. ಸಾವಳಗಿ ರಸ್ತೆಯಲ್ಲಿ ರೈತರು ಹುರುಳಿ, ತೊಗರಿ ತಂದು ಡಾಂಬರಿನ ಮೇಲೆ ಹರವುತ್ತಿದ್ದರು. ಹಾಯುವ ಗಾಡಿಗಳ ಗಾಲಿಯಲ್ಲಿ ಕಾಳು ತಾನೇ ಉದುರಬೇಕು, ಕಣ ಮಾಡುವ ಕಷ್ಟ ಬೇಡ. ಮೋಟರ್ ಸೈಕಲ್ಲಿನವರು ಅದರ ಮೇಲೆ ಜಾರಿ ಬೀಳುತ್ತಿದ್ದರು. ಒಮ್ಮೆ ನಾನು ಜೀಪು ನಿಲ್ಲಿಸಿ ಒಬ್ಬ ಮುದುಕಿಯ ಮೇಲೆ ಚೆನ್ನಾಗಿ ರೇಗಿದೆ. ಆಕೆ ಎಲ್ಲ ಕೇಳಿಸಿಕೊಂಡು, ಬಂದದ್ದು ಬಂದಿದ್ದೀರಿ, ಜೀಪು ಭಾರ ಐತಿ, ಇನ್ನೊಂದೆರಡು ಸಲ ಹಿಂದೆ ಮುಂದೆ ಹಾಯಿಸಿ ಹೋಗ್ರಿ ಎಂದಳು. ನನ್ನ ಡ್ರೈವರು ನನ್ನನ್ನು ಕೇಳದೆ ಹಾಯಿಸಿಯೂ ಬಿಟ್ಟ.

ಇವೆಲ್ಲ ನಕ್ಕು ಮರೆಯುವಂಥವು. ಮರೆಯಲಾಗದ್ದು ಒಂದು ಏರಿನದು.

ಗಲಗಲಿ ಕಡೆಯ ನದಿದಂಡೆಯಿಂದ ಬರುವ ಒಂದು ರಸ್ತೆ ಕಪ್ಪುಮಣ್ಣಿನ ಎರೆಹೊಲಗಳ ನಡುವೆ ಸಪಾಟಾಗಿ ಬಂದು ಒಮ್ಮೆಲೇ ಮೇಲೇರುತ್ತದೆ. ಏರಿನ ಬುಡದಲ್ಲಿ ಬೀರಪ್ಪನ ಸಣ್ಣ ಗುಡಿ. ಮಗ್ಗುಲಿಗೇ ಗುಡಿಯ ಪೂಜಾರಿ ಸಿದ್ದಪ್ಪನ ಮನೆ. ಹೆಂಡತಿ ಮಾಳವ್ವ, ಮಗಳು ರತ್ನಾ, ಒಂದಿಷ್ಟು ಕುರಿ, ನಾಲ್ಕು ಎಕರೆ ಹೊಲ. ಶಾಲೆ ಏರಿನ ಆಚೆಯ ಊರಿನಲ್ಲಿ.

ಕಬ್ಬು ತುಂಬಿದ ಟ್ರ್ಯಾಕ್ಟರು ಅರ್ಧ ಏರಿಗೆ ಬಂದು ಏದುಸಿರು ಬಿಡುತ್ತದೆ, ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಆಗ ಕ್ಲೀನರು ಜಿಗಿದಿಳಿದು ಟ್ರೇಲರಿನ ಗಾಲಿಯ ಹಿಂದೆ ಒಂದು ದೊಡ್ಡ ಕಲ್ಲು ಕೊಡುತ್ತಾನೆ. ಗಾಡಿ ಕಲ್ಲಿಗೆ ಆತು ನಿಂತು, ಸುಧಾರಿಸಿಕೊಂಡು, ಮತ್ತೆ ಹತ್ತುತ್ತದೆ. ಕ್ಲೀನರು ಓಡಿ ಹೋಗಿ ಹತ್ತಿಕೊಳ್ಳುತ್ತಾನೆ. ಕಲ್ಲು ಅಲ್ಲೇ, ನಡುರಸ್ತೆಯಲ್ಲಿ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಕಲ್ಲನ್ನು ಬದಿಗೆ ಸರಿಸಬೇಕು ಎಂಬ ವಿಚಾರ ಅಷ್ಟು ವರ್ಷಗಳಲ್ಲಿ ಒಬ್ಬ ಕ್ಲೀನರಿಗೂ ಬಂದದ್ದನ್ನು ನಾನು ಕಾಣಲಿಲ್ಲ. ಅಂಥ ಒಂದು ಕಲ್ಲಿಗೆ ಬಡಿದೇ ಸಿದ್ದಪ್ಪ ಮೋಟರ್ ಸೈಕಲ್ಲಿನಿಂದ ಬಿದ್ದು ಮೊಣಕಾಲು ಮುರಿದುಕೊಂಡಿದ್ದ. ಅಂದಿನಿಂದ ಕುಂಟುತ್ತ ನಡೆಯುತ್ತಿದ್ದ.

ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಶುರು ಮಾಡಿದ ಕಾಲ. ರತ್ನಾಗೂ ಬಂತು. ಆದರೆ ಕಾರ್ಖಾನೆ ಶುರುವಾದ ಕೂಡಲೇ ಸಿದ್ದಪ್ಪ, ಕಬ್ಬು ಮುಗಿಯುವ ತನಕ ಶಾಲೆ ಬೇಡ ಎಂದುಬಿಟ್ಟ. ಆ ಚಳಿಗಾಲ ಪೂರ್ತಿ ಹುಡುಗಿ ಮನೆಯಲ್ಲಿ ಕೂತಳು, ಹೇಗೋ ಪಾಸಾದಳು. ಒಂಬತ್ತನೆಯದರಲ್ಲಿ ಹೆಡ್‌ಮಾಸ್ತರರು ಮೊದಲೇ ಹೇಳಿ ಕಳಿಸಿದರು. ಈ ಸಲವೂ ತಿಂಗಳುಗಟ್ಟಲೆ ಬಾರದಿದ್ದರೆ ಹೆಸರು ತೆಗೆಯುತ್ತೇವೆ ಎಂದು. ಸಿದ್ದಪ್ಪ, ತೆಗೆದರೆ ತೆಗೆಯಲಿ, ಮಗಳ ಕಾಲಾದರೂ ನೆಟ್ಟಗಿರುತ್ತವೆ ಎಂದ. ಆಗ ಮಾಳವ್ವ ಬಸ್ಸು ಹತ್ತಿ ಮುಧೋಳದ ನಮ್ಮ ಕಚೇರಿಗೆ ಬಂದಳು. ನನ್ನ ಮೇಜಿನ ಮುಂದೆ ನಿಂತು ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಅಕ್ಕಾರ, ರಸ್ತಾ ನಿಮ್ದೋ, ಟ್ರ್ಯಾಕ್ಟರದವ್ರದೋ?”

ನಮ್ಮದೇ ಎಂದೆ.

“ಹಂಗಾರ ಕಲ್ಲೂ ನಿಮ್ವ. ತಗೀರಿ ಮತ್ತ.”

ಅವಳ ಮಾತು ಅವಳಿಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚು ಖರೆ ಇತ್ತು. ಎರೆಹೊಲದಲ್ಲಿ ಎಲ್ಲಿಯ ಕಲ್ಲು? ಏರಿನ ಬದಿ ಕೊಚ್ಚಿಹೋಗದಂತೆ ಹೊಂದಿಸಲು ನಾವೇ ಲಾರಿಗಟ್ಟಲೆ ತಂದು ಸುರಿದ ಕಲ್ಲುಗಳು ಅವು. ಹೊಂದಿಸುವ ಕೆಲಸ ಮಂಜೂರಾಗಿರಲಿಲ್ಲ, ಸುರಿಯುವುದಷ್ಟೇ ಆಗಿತ್ತು.

ನಮ್ಮ ಗ್ಯಾಂಗಿನ ಮೇಸ್ತ್ರಿ ಯಮನಪ್ಪನಿಗೆ, ದಿನಾ ಬೆಳಿಗ್ಗೆ ರಸ್ತೆಯ ಕಲ್ಲು ತೆಗೆದು ಬದಿಗೆ ಒಟ್ಟಿಸು ಎಂದೆ. ಅವನು ಬಹಳ ಅಚ್ಚುಕಟ್ಟಿನ ಮನುಷ್ಯ, ನಡು ಏರಿನಲ್ಲಿ ಚೌಕಾಕಾರದ ಗುಡ್ಡೆ ಮಾಡಿಸಿ ಸುಣ್ಣವನ್ನೂ ಹಚ್ಚಿಸಿದ. ಮರುದಿನ ಏರಿನಲ್ಲಿ ಮೊದಲಿನ ಎರಡರಷ್ಟು ಕಲ್ಲು. ತೇರದಾಳ ಕಡೆಯ ರಾಜಾಸಾಬ ಎಂಬ ಡ್ರೈವರು, ಬಹಳ ವರ್ಷದಿಂದ ಆ ಹಾದಿಯಲ್ಲಿ ಕಬ್ಬು ಹೊಡೆಯುತ್ತಿದ್ದವನು, ಗಾಡಿ ನಿಲ್ಲಿಸಿ ನನಗೆ ಉಪಕಾರ ಹೇಳಿದ. ಮೊದಲೆಲ್ಲ ಕಲ್ಲು ಹುಡುಕುವುದರಲ್ಲೇ ಜೀವ ಹೋಗುತ್ತಿತ್ತಂತೆ. ಈಗ ಕೈಗೆ ಸಿಗುವ ಹಾಗಿವೆ, ಮೇಲಾಗಿ ಬೆಳ್ಳಗೆ ಕಾಣುತ್ತವೆ.

ಸಿಟ್ಟು ಬಂದು ಎಲ್ಲ ಕಲ್ಲನ್ನೂ ಲಾರಿಗೆ ಹೇರಿಸಿ ದೂರ ಹಾಕಿಸಿದೆ. ಮೂರು ದಿನ ಕಳೆಯುವುದರೊಳಗೆ ಒಂದು ಟ್ರೇಲರು ಕಲ್ಲು ಸಿಗದೆ ಹಿಂದಕ್ಕೆ ಉರುಳಿ ಅಡ್ಡಬಿತ್ತು. ಸಂಜೆಯ ತನಕ ರಸ್ತೆ ಬಂದ್. ನಾನೇ ಕಲ್ಲುಗಳನ್ನು ವಾಪಸು ತರಿಸಿ ಮತ್ತೆ ಗುಡ್ಡೆ ಹಾಕಿಸಿದೆ. ಮರದ ಬೆಣೆಯಂಥ ತುಂಡುಗಳನ್ನು ಮಾಡಿಸಿ, ಕಲ್ಲಿನ ಬದಲು ಇವನ್ನು ಕೊಡಿರಿ, ಸರಪಳಿಯಿಂದ ಟ್ರೇಲರಿಗೇ ಕಟ್ಟಿಕೊಳ್ಳಿರಿ ಎಂದೂ ಹಂಚಿ ನೋಡಿದೆ. ಚಳಿ ಜೋರಿತ್ತು. ತುಂಡುಗಳು ಬೆಂಕಿ ಕಾಯಿಸಲು ಒದಗಿದವು, ಸರಪಳಿಗಳು ಎಮ್ಮೆ ಕಟ್ಟಲು.

ಆಗ ನಮ್ಮ ದೊಡ್ಡ ಸಾಹೇಬರು ಈ ಪ್ರಕರಣದಲ್ಲಿ ಕೈ ಹಾಕಿದರು. ದಕ್ಷಿಣದ ಕಡೆಯವರು, ಕೆಟ್ಟ ಮನುಷ್ಯರಲ್ಲ. ಆದರೆ ಯಾವ ರೋಗಕ್ಕೂ ಅವರ ಹತ್ತಿರ ಇದ್ದದ್ದು ಒಂದೇ ಔಷಧ. ಎಲ್ಲಿ ಅಪಘಾತವೋ ಅಲ್ಲೊಂದು ಹಂಪು, ರಸ್ತೆಗೆ ಅಡ್ಡ ಒಂದು ಉಬ್ಬು. ಏರಿನ ಬುಡದಲ್ಲಿ ಹಂಪು ಹಾಕಿಸಿ ಎಂದರು. ಕಬ್ಬಿನ ಗಾಡಿ ಏರು ಹತ್ತುವುದೇ ಕೆಳಗಿನ ಓಟದ ಬಲದಿಂದ ಸರ್, ಅಲ್ಲಿ ತಡೆದರೆ ನಡುವೆ ನಿಲ್ಲುತ್ತದೆ ಎಂದು ಹೇಳಿದೆ. ಅವರು ಸುರಕ್ಷತೆ ಮುಖ್ಯ ಎಂದರು. ಅದಕ್ಕೆ ಯಾರು ಎದುರಾಡಲು ಸಾಧ್ಯ? ಹಂಪು ಆಯಿತು. ಅಲ್ಲಿಯ ತನಕ ಮೂರರಲ್ಲಿ ಒಂದು ಗಾಡಿ ನಡು ಏರಿನಲ್ಲಿ ನಿಲ್ಲುತ್ತಿದ್ದರೆ, ಈಗ ಮೂರೂ ನಿಲ್ಲತೊಡಗಿದವು.

ರತ್ನಾ ಮನೆಯಲ್ಲೇ ಇದ್ದಳು. ಮಾಳವ್ವ ಮತ್ತೆ ನನ್ನ ಹತ್ತಿರ ಬರಲಿಲ್ಲ. ನಮ್ಮಿಂದ ಏನಾಗುತ್ತದೆ ಎಂದು ಅವಳು ಅಷ್ಟರಲ್ಲಿ ನೋಡಿದ್ದಳು.

ಒಂದು ಸೋಮವಾರ ಯಮನಪ್ಪ ಓಡುತ್ತ ಬಂದು, ಕಲ್ಲುಗಳೆಲ್ಲ ದೇವರಾಗ್ಯಾವ್ರಿ ಎಂದ. ಹೋಗಿ ನೋಡಿದೆ. ಮಾಳವ್ವ ಗುಡಿಯಿಂದ ಬುಟ್ಟಿ ತುಂಬ ಭಂಡಾರ, ದೇವರ ಅರಿಶಿನ ಪುಡಿ, ತಂದು ನಮ್ಮ ಗುಡ್ಡೆಯ ಪ್ರತಿಯೊಂದು ಕಲ್ಲಿಗೂ ಹಚ್ಚಿದ್ದಳು. ಬೀರಪ್ಪನ ಭಂಡಾರ ಬಿದ್ದ ಕಲ್ಲನ್ನು ಗಾಲಿಯ ಕೆಳಗೆ ಕೊಡುವ ಧೈರ್ಯ ಯಾರಿಗಿದೆ? ಡ್ರೈವರುಗಳು ಅದನ್ನು ನೋಡಿ, ಕೈಮುಗಿದು, ತಮ್ಮೊಳಗೇ ಒಂದು ವ್ಯವಸ್ಥೆ ಮಾಡಿಕೊಂಡರು. ಕೆಳಗೆ ಒಂದು ಗಾಡಿ ಮತ್ತೊಂದಕ್ಕಾಗಿ ಕಾಯುವುದು, ಎರಡು ಟ್ರ್ಯಾಕ್ಟರು ಸರಪಳಿ ಹಾಕಿ ಒಂದು ಲೋಡು ಮೇಲೆ ಎಳೆಯುವುದು, ವಾಪಸು ಬಂದು ಇನ್ನೊಂದನ್ನು ಎಳೆಯುವುದು. ಏರಿನ ನಡುರಸ್ತೆಯಲ್ಲಿ ಒಂದು ಕಲ್ಲಿಲ್ಲ. ನಮ್ಮ ಇಲಾಖೆಯಿಂದ ಅಷ್ಟು ದಿನ ಆಗದ್ದು ಒಂದು ಬುಟ್ಟಿ ಅರಿಶಿನದಿಂದ ಆಗಿತ್ತು. ಸಿದ್ದಪ್ಪ ಎರಡು ದಿನ ಏರು ಹತ್ತಿ ಇಳಿದು ಪರೀಕ್ಷೆ ಮಾಡಿ, ಒಲ್ಲದ ಮನಸ್ಸಿನಿಂದ ಮಗಳಿಗೆ ಹೂಂ ಎಂದ.

ಆದರೆ ದೊಡ್ಡ ಸಾಹೇಬರು ಆ ಹಾದಿಯಲ್ಲಿ ಬಂದರು. ಹಳದಿ ಕಲ್ಲಿನ ಗುಡ್ಡೆ, ಅದರ ಮುಂದೆ ಯಾರೋ ಒಡೆದ ತೆಂಗಿನಕಾಯಿ, ಎರಡು ಊದಿನಕಡ್ಡಿ. ಸರ್ಕಾರಿ ಜಾಗದಲ್ಲಿ ಗುಡಿ ಏಳುತ್ತಿದೆ, ಕೂಡಲೇ ತೆರವು ಮಾಡಿ ಎಂದರು. ನಾನು ಯಮನಪ್ಪನಿಗೆ ಹೇಳಿದೆ. ಅವನು, ಸಣ್ಣ ಸಣ್ಣ ಮಕ್ಕಳದಾವ್ರಿ ನನಗ ಎಂದ. ಅವನ ಸಣ್ಣ ಮಗನಿಗೆ ಆಗಲೇ ಮದುವೆಯಾಗಿತ್ತು. ಗ್ಯಾಂಗಿನ ಉಳಿದವರಿಗೆಲ್ಲ ಅಂದೇ ಜ್ವರ ಬಂತು. ನನಗೂ ತೆಗೆಸುವ ಮನಸ್ಸಿರಲಿಲ್ಲ, ಇವತ್ತು ನಾಳೆ ಎನ್ನುತ್ತ ದೂಡಿದೆ. ಕೊನೆಗೆ ಸಾಹೇಬರೇ, ನಿಂತು ಮಾಡಿಸುತ್ತೇನೆ ಎಂದು ಒಂದು ಬೆಳಿಗ್ಗೆ ಬಂದರು.

ಶಾಲೆಯ ಹೊತ್ತು. ನಡು ಏರಿನಲ್ಲಿ, ಹಳದಿ ಗುಡ್ಡೆಯ ಹತ್ತಿರ ನಾನು, ಸಾಹೇಬರು, ದೂರದಲ್ಲಿ ಯಮನಪ್ಪ. ಸಿದ್ದಪ್ಪನೂ ಸುದ್ದಿ ತಿಳಿದು ಗುಡಿಯಿಂದ ಬಂದು, ದೇವರ ಕಲ್ಲು ಮುಟ್ಟಬೇಡಿರಿ ಎಂದು ಸಾಹೇಬರ ಹತ್ತಿರ ವಾದ ಮಾಡುತ್ತಿದ್ದ. ಕೆಳಗಿನಿಂದ ರಾಜಾಸಾಬನ ಟ್ರ್ಯಾಕ್ಟರು ಹತ್ತುತ್ತ ಬಂತು, ಒಂಟಿಯಾಗಿ. ಜೊತೆಯ ಗಾಡಿ ಪಂಕ್ಚರಾಗಿತ್ತಂತೆ, ಕಾರ್ಖಾನೆಯ ಪಾಳಿ ತಪ್ಪುತ್ತದೆಂದು ಅವನು ಧೈರ್ಯ ಮಾಡಿದ್ದ. ಹಂಪಿನಲ್ಲಿ ಓಟ ಕಳೆದುಕೊಂಡ ಗಾಡಿ ನಮ್ಮ ಮುಂದೆಯೇ ನಿಂತಿತು, ಮುಂದಿನ ಗಾಲಿ ಎದ್ದಿತು, ಎರಡೂ ಟ್ರೇಲರು ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿದವು. ಅವುಗಳ ಹಿಂದೆ, ತಲೆ ಬಗ್ಗಿಸಿ ಸೈಕಲ್ಲು ತಳ್ಳುತ್ತ ರತ್ನಾ ಬರುತ್ತಿದ್ದಳು.

ಕ್ಲೀನರು ಜಿಗಿದ. ಗುಡ್ಡೆಯ ತನಕ ಓಡಿ ಬಂದು, ಬಗ್ಗಿ, ಭಂಡಾರ ನೋಡಿ ಕೈ ಹಿಂದೆ ತೆಗೆದುಕೊಂಡ. ಸಾಹೇಬರು, ಯಾರಾದರೂ ಕಲ್ಲು ಕೊಡಿರಯ್ಯಾ ಎಂದು ಕೂಗಿದರು. ಕಲ್ಲು ಅವರ ಕಾಲಿನ ಹತ್ತಿರವೇ ಇತ್ತು. ನನ್ನ ಕಾಲಿನ ಹತ್ತಿರವೂ ಇತ್ತು. ನಮ್ಮಿಬ್ಬರಿಗೂ ಕೂಗುವುದಷ್ಟೇ ಹೊಳೆಯಿತು. ಸಿದ್ದಪ್ಪ, ಆ ಮುರಿದ ಮೊಣಕಾಲಿನ ಮನುಷ್ಯ, ತಾನು ಈಗಷ್ಟೇ ಮುಟ್ಟಬೇಡಿ ಎಂದಿದ್ದ ಕಲ್ಲನ್ನು ಎದೆಗವಚಿ ಎತ್ತಿಕೊಂಡು ಓಡಿದ. ಹಿಂದಿನ ಟ್ರೇಲರಿನ ಗಾಲಿಗೆ ತಾಗಿಸಿ ಕುಕ್ಕಿದ. ಗಾಲಿ ಕಲ್ಲಿನ ಮೇಲೆ ಅರ್ಧ ಹತ್ತಿತು, ನಿಂತಿತು.

ರತ್ನಾ ಬದಿಯ ತಗ್ಗಿಗೆ ಹಾರಿದ್ದಳು, ಅಂಗೈ ತರಚಿತ್ತು, ಅಷ್ಟೇ. ಸೈಕಲ್ಲು ಟ್ರೇಲರಿನ ಕೆಳಗೆ ಮುದುಡಿ ಬಿದ್ದಿತ್ತು. ಸಿದ್ದಪ್ಪ ರಸ್ತೆಯ ಮೇಲೇ ಕೂತುಬಿಟ್ಟ, ಎದೆ, ಕೈ, ಅಂಗಿ ಎಲ್ಲ ಹಳದಿ. ಕ್ಲೀನರು, ದೇವರ ಕಲ್ಲು ಗಾಲಿಗೆ ಕೊಟ್ಟಿರಲ್ಲ ಪೂಜಾರಿ ಎಂದ.

“ದೇವರಿಗೆ ಇದಕ್ಕಿಂತ ಬ್ಯಾರೆ ಏನ ಕೆಲಸೈತೋ?” ಎಂದ ಸಿದ್ದಪ್ಪ.

ಸಾಹೇಬರು ಬೂಟು ಕಳಚಿ ಆ ಕಲ್ಲಿಗೆ ನಮಸ್ಕಾರ ಮಾಡಿದರು. ತೆರವಿನ ಮಾತು ಅಲ್ಲಿಗೆ ಮುಗಿಯಿತು. ಮಾಳವ್ವ ಮಾತ್ರ ಅಂದು ಸಂಜೆ ಕೊಡಗಟ್ಟಲೆ ನೀರು ಹೊತ್ತು ತಂದು ಎಲ್ಲ ಕಲ್ಲುಗಳ ಭಂಡಾರವನ್ನು ತೊಳೆದಳು. ನನ್ನ ಕೈಯಾರೆ ಮಗಳನ್ನು ಕಳೆದುಕೊಳ್ಳುತ್ತಿದ್ದೆ ಎಂದು ಅಳುತ್ತ ತೊಳೆದಳಂತೆ. ಅವಳು ಅಳಬೇಕಾದ ಅಗತ್ಯವಿರಲಿಲ್ಲ. ಅಳಬೇಕಾದವರು ನಾವು.

ಹುಡುಗಿಯ ಶಾಲೆ ಇನ್ನು ಮುಗಿಯಿತು ಎಂದೇ ನಾನು ತಿಳಿದಿದ್ದೆ. ಮೂರನೆಯ ದಿನ ಅವರ ಮನೆಗೆ ಹೋದೆ. ಮಗಳನ್ನು ಶಾಲೆಗೆ ಕಳಿಸಪ್ಪ ಎಂದು ಸಿದ್ದಪ್ಪನಿಗೆ ಹೇಳಿದೆ. ಅವನು ಇಲ್ಲ ಎಂದು ತಲೆಯಾಡಿಸಿದ, ಸಿಟ್ಟಿನಿಂದಲ್ಲ, ದಣಿವಿನಿಂದ. ರತ್ನಾ ಒಳಗೆ ಯೂನಿಫಾರ್ಮು ಹಾಕಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರು ನಿಂತಿತು. ಕಬ್ಬಿನ ಲೋಡಿನ ಮೇಲೆ ಹಗ್ಗದಿಂದ ಬಿಗಿದ ಸೈಕಲ್ಲು. ರಾಜಾಸಾಬ ಅದನ್ನು ಬನಹಟ್ಟಿಗೆ ಒಯ್ದು ಹೊಸ ಗಾಲಿ ಹಾಕಿಸಿಕೊಂಡು ಬಂದಿದ್ದ. ಇಳಿಸಿ ಅಂಗಳದಲ್ಲಿ ನಿಲ್ಲಿಸಿ, ಸಿದ್ದಪ್ಪನ ಮುಂದೆ ತಲೆ ತಗ್ಗಿಸಿ ನಿಂತ.

“ಪೂಜಾರಿ, ಇನ್ನ ಮ್ಯಾಲ ನಿಮ್ಮ ಹುಡಗಿ ಏರ ಹತ್ತಿ ಮುಗಿಸೂತನಕ ನಮ್ಮ ಒಂದ ಗಾಡೀನೂ ಏರ ಹತ್ತೂದಿಲ್ಲ. ಎಲ್ಲಾರಿಗೂ ಹೇಳೇನಿ. ನಾಳೆ ನೀವ ನಿಂತ ನೋಡ್ರಿ. ಒಬ್ಬಂವ ಹತ್ತಿದ್ರೂ ಆಕಿನ್ನ ಕಳಸಬ್ಯಾಡ್ರಿ.”

ಎಳೆಯರಿಗೆ ಇದನ್ನು ಹೇಳಬೇಕು. ಹೊಳೆಯುವ ಪಟ್ಟಿ, ಮರದ ತುಂಡು, ಸುಣ್ಣ, ಹಂಪು, ಎಲ್ಲವನ್ನೂ ಯೋಚಿಸಿದ ನಮಗೆ, ಮಕ್ಕಳು ಹೋಗುವಾಗ ಸ್ವಲ್ಪ ನಿಲ್ಲಿರಪ್ಪ ಎಂದು ಡ್ರೈವರುಗಳನ್ನು ಕೇಳಬಹುದು ಎಂಬುದು ಹೊಳೆದಿರಲೇ ಇಲ್ಲ. ಆ ವರ್ಷದ ವರದಿಯಲ್ಲಿ ದೊಡ್ಡ ಸಾಹೇಬರು, ಹಂಪಿನ ಪರಿಣಾಮವಾಗಿ ಶಾಲೆಯ ವೇಳೆಯಲ್ಲಿ ಭಾರೀ ವಾಹನಗಳು ಏರಿನ ಬುಡದಲ್ಲಿ ಸಂಪೂರ್ಣವಾಗಿ ನಿಲ್ಲುತ್ತಿವೆ ಎಂದು ಬರೆದರು. ಹಂಪಿನ ಹತ್ತಿರ ಗಾಡಿ ನಿಲ್ಲುತ್ತಿದ್ದದ್ದು ಖರೆ. ಇನ್ನೆರಡು ಹಂಪು ಮಂಜೂರಾದವು. ಆಮೇಲಿನ ವರ್ಷಗಳಲ್ಲಿ ಏರನ್ನೇ ಕಡಿದು ತಗ್ಗಿಸಿ ರಸ್ತೆ ಅಗಲ ಮಾಡಿದರು, ಈಗ ಅಲ್ಲಿ ಯಾರೂ ಗಾಲಿಗೆ ಕಲ್ಲು ಕೊಡುವುದಿಲ್ಲ.

ರಾಜಾಸಾಬ ಮಾತು ಕೊಟ್ಟ ಮರುದಿನದ ಬೆಳಗು ಮಾತ್ರ ಯಾವ ವರದಿಯಲ್ಲೂ ಇಲ್ಲ. ನಾನು ಸಿದ್ದಪ್ಪನ ಜೊತೆ ಗುಡಿಯ ಕಟ್ಟೆಯ ಮೇಲೆ ಕೂತಿದ್ದೆ. ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಗಲಗಲಿ ಕಡೆಯಿಂದ ಬಂದ ಗಾಡಿಗಳು ಒಂದರ ಹಿಂದೆ ಒಂದು ನಿಂತವು, ಎಂಜಿನ್ನು ಬಂದ್ ಆದವು, ಟೇಪುಗಳೂ ಬಂದ್ ಆದವು. ರತ್ನಾ ಸೈಕಲ್ಲು ತಳ್ಳಿಕೊಂಡು ಹೊರಟಳು. ಅರ್ಧ ಏರಿನಲ್ಲಿ ದಮ್ಮು ಹತ್ತಿ ನಿಂತಳು. ಯಾರೂ ಹಾರ್ನು ಹೊಡೆಯಲಿಲ್ಲ. ಸಿದ್ದಪ್ಪ ನನ್ನ ಪಕ್ಕದಲ್ಲಿ ಎದ್ದು ನಿಂತಿದ್ದ. ಹುಡುಗಿ ಮತ್ತೆ ತಳ್ಳಿದಳು, ನೆತ್ತಿ ಮುಟ್ಟಿದಳು, ತಿರುಗಿ ನೋಡದೆ ಒಮ್ಮೆ ಬೆಲ್ಲು ಹೊಡೆದಳು.

“ಹತ್ತಿದ್ಲರಿ ಅಕ್ಕಾರ” ಎಂದು ಸಿದ್ದಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಕೆಳಗೆ ಟ್ರ್ಯಾಕ್ಟರುಗಳು ಒಂದೊಂದಾಗಿ ಶುರುವಾದವು.